ಜಲಜಕ್ಕನ ಕೈ ತಾಗಿರಲಿಲ್ಲ

ಜಲಜಕ್ಕನ ಕೈ ಆ ಗಾಜಿನ ಲೋಟಕ್ಕೆ ತಾಗಿರಲಿಲ್ಲ. ತಾಗಿತು ಎಂದು ಸುಳ್ಳು ಹೇಳಿದವಳು ನಾನು. ವರ್ಷಗಟ್ಟಲೆ ಆ ಸುಳ್ಳನ್ನು ಹಾಗೇ ಇರಗೊಟ್ಟೆ — ಮೊದಲು ಹೆದರಿ, ಆಮೇಲೆ ಅಭ್ಯಾಸವಾಗಿ. ಈಗ ದಣಿದಿದ್ದೇನೆ.

ಜಲಜಕ್ಕ ನನ್ನ ಗಂಡನ ಅಣ್ಣನ ಹೆಂಡತಿ. ತ್ರಾಸಿಯ ಮನೆಯಲ್ಲಿ ನಮ್ಮಿಬ್ಬರಿಗೂ ಒಂದೇ ಅಡುಗೆಮನೆ. ಮುಂಬಯಿಯ ಕೆಲಸ ಬಿಟ್ಟು ನಾವು ಊರಿಗೆ ಬಂದಾಗ ಸಾಮಾನಿನ ಜೊತೆ ಒಂದು ಮೈಕ್ರೋವೇವ್ ಬಂತು. ಅದನ್ನು ನಡೆಸಲು ಬರುತ್ತಿದ್ದುದು ನನಗೊಬ್ಬಳಿಗೇ. ಆ ಹೆಮ್ಮೆ ನನಗೆ ಬೇಕಿತ್ತು. ಉಳಿದ ಅಡುಗೆಯಲ್ಲೆಲ್ಲ ಅವಳದೇ ಮೇಲುಗೈ. ಊರಿನ ಮದುವೆಗಳಲ್ಲಿ ಕಾದ ಎಣ್ಣೆಯ ಬಾಣಲೆಯ ಮುಂದೆ ನಿಂತು ಮೀನು ಹುರಿಯುತ್ತಿದ್ದವಳು ಅವಳು.

ಅಂದು ಗ್ಯಾಸ್ ಮುಗಿದಿತ್ತು. ಅತ್ತೆಗೆ ಚಹಾ ಬೇಕಿತ್ತು. ನಾನು ಲೋಟದಲ್ಲಿ ನೀರು ತುಂಬಿ ಮೈಕ್ರೋವೇವ್ ಒಳಗಿಟ್ಟೆ. ತೆಗೆದು ನೋಡಿದರೆ ಒಂದು ಗುಳ್ಳೆಯೂ ಇಲ್ಲ. ಸಾಕಷ್ಟು ಕಾದಿಲ್ಲವೆಂದು ಮತ್ತೆ ಇಟ್ಟೆ. ಆಗಲೂ ಅಷ್ಟೇ, ಅಲ್ಲಾಡದ ನೀರು.

"ಅಕ್ಕ, ಪುಡಿ ಹಾಕಿ. ಎಂತ ಆತಿಲ್ಲ" ಎಂದೆ.

ಅವಳು ಒಂದು ಕೈಯಲ್ಲಿ ಚಹಾ ಪುಡಿ ಹಾಕುತ್ತಾ ಇನ್ನೊಂದು ಕೈಯನ್ನು ಸಕ್ಕರೆ ಡಬ್ಬಿಯತ್ತ ಚಾಚಿದ್ದಳು. ಪುಡಿ ಬಿದ್ದದ್ದೇ ತಡ, ನೀರು ಒಮ್ಮೆಲೇ ಮೇಲಕ್ಕೆ ಎಗರಿತು — ತಾನಾಗಿಯೇ. ಗದ್ದ, ಕುತ್ತಿಗೆ, ಬಲಗೈ ಎಲ್ಲ ಬೆಂದವು. ಅವಳು ಕಿರುಚಿ ಹಿಂದೆ ಸರಿದಾಗ ಸೆರಗು ಸಿಕ್ಕಿ ಲೋಟವೂ ಬಿದ್ದು ಒಡೆಯಿತು.

ಅತ್ತೆ ಓಡಿಬಂದರು. "ಎಂತ ಆಯ್ತೇ?" ಎಂದು ಕೇಳಿದ್ದು ನನ್ನನ್ನು. ನಾನು ಕಂಡಿದ್ದೆ. ಸ್ಪಷ್ಟವಾಗಿ ಕಂಡಿದ್ದೆ. ಆದರೂ —

"ಅಕ್ಕನ ಕೈ ತಾಗಿ ಲೋಟ ಮಗ್ಚಿ ಬಿತ್ತ್."

ಕುಂದಾಪುರದ ಆಸ್ಪತ್ರೆಯಿಂದ ಬಂದ ಮೇಲೆ ಅವಳು ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದಳು: "ಹೆಣೆ, ನನ್ ಕೈ ತಾಗಿದ್ದ್ ಹೌದಾ? ನಂಗೆ ಗೊತ್ತೇ ಆಯ್ಲಿಲ್ಲ."

"ಹೌದ್ ಅಕ್ಕ" ಎಂದೆ.

ಮೊದಲನೆಯದು ಗಾಬರಿಯಲ್ಲಿ ಬಾಯಿಗೆ ಬಂದದ್ದು ಎನ್ನಬಹುದೇನೋ. ಇದು ಹಾಗಲ್ಲ.

ಗಾಯ ಒಣಗಿತು. ಆದರೆ ಅವಳಿಗೆ ತನ್ನ ಕೈಯ ಮೇಲಿದ್ದ ನಂಬಿಕೆಯೇ ಹೋಯಿತು. ಮದುವೆ ಮನೆಯವರು ಕರೆದರೆ ಮೈ ಸರಿಯಿಲ್ಲ ಎನ್ನತೊಡಗಿದಳು. ಮಗಳು ಸುಮನಾ ಬಾಣಂತನಕ್ಕೆ ಬಂದಾಗ ಮೊಮ್ಮಗನಿಗೆ ಬಿಸಿನೀರು ಹೊಯ್ಯಲು ಒಪ್ಪಲೇ ಇಲ್ಲ. "ನನ್ ಕೈ ನಂಬುಕಾತಿಲ್ಲ. ನೀನೇ ಮೀಸ್" ಎಂದಳು. ನಾನು ಕಾಲು ಚಾಚಿ ಕುಳಿತು ಆ ಮಗುವನ್ನು ದಿನವೂ ಮೀಯಿಸಿದೆ. ಅಜ್ಜಿಯಾದವಳು ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿರುತ್ತಿದ್ದಳು. ಬಂದವರೆಲ್ಲ ನನ್ನನ್ನು ಹೊಗಳಿದರು. ನಾನು ಹೊಗಳಿಸಿಕೊಂಡೆ —

ಮೈಕ್ರೋವೇವಿನಲ್ಲಿ ಕಾದ ನೀರು ಕುದಿಯದಂತೆ ಕಂಡರೂ ಏನಾದರೂ ಹಾಕಿದೊಡನೆ ಸಿಡಿಯುವುದುಂಟು ಎಂದು ಈಚೆಗೆ ಪತ್ರಿಕೆಯಲ್ಲಿ ಓದಿದೆ. ಕಾರಣ ಮಾತ್ರ ಹೊಸದು. ನೀರು ತಾನಾಗಿ ಹಾರಿದ್ದು ನನಗೆ ಅಂದೇ ಗೊತ್ತಿತ್ತು.

ಅದನ್ನು ಓದಿದ ದಿನ ಮಧ್ಯಾಹ್ನ ಜಗಲಿಯಲ್ಲಿ ಸಿಗಡಿ ಸುಲಿಯುತ್ತಿದ್ದ ಅವಳ ಎದುರು ಕುಳಿತು ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಸಿಗಡಿಯನ್ನು ಸುಲಿದು ಮುಗಿಸಿದಳು. ಆಮೇಲೆ, ನನ್ನತ್ತ ನೋಡದೆ, "ಮಗು ಈಗ ಶಾಲಿಗ್ ಹೋತ. ಒಂದ್ ದಿನೂ ನಾ ಮೀಸ್ಲಿಲ್ಲ" ಎಂದಳು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅತ್ತೆ ನನ್ನ ಮಾತನ್ನೇ ನಂಬಿ ತೀರಿಕೊಂಡರು; ಅಲ್ಲಿ ತಿದ್ದಲು ಏನೂ ಉಳಿದಿಲ್ಲ. ಸುಮನಾ ಈ ಭಾನುವಾರ ಬರುತ್ತಾಳೆ. ಮನೆಯವರೆಲ್ಲ ಕುಳಿತಿರುವಾಗಲೇ ಹೇಳುತ್ತೇನೆ. ಅವಳು ಏನಂದರೂ ಕೇಳಿಸಿಕೊಳ್ಳುತ್ತೇನೆ.

ಜಲಜಕ್ಕನ ಕ್ಷಮೆ ಕೇಳಬೇಕೆಂದು ಮಾತು ನಾಲಿಗೆಯ ತುದಿಗೆ ಬರುತ್ತದೆ. ಕೇಳುವುದಿಲ್ಲ. ಅದನ್ನೂ ಅವಳೇ ಕೊಡಬೇಕಾಗುತ್ತದಲ್ಲ.