ದಾನಯ್ಯನ ಹೆಸರಿನಲ್ಲಿ ಯಾರೋ

ಹಿಂದಿ ಸೀಮೆಯ ತೀರ್ಥಕ್ಷೇತ್ರದಲ್ಲಿ, ಜಂಗಮವಾಡಿಯ ಗಲ್ಲಿಯೊಂದರ ಯಾತ್ರಿ ನಿವಾಸದ ಕೌಂಟರಿನಲ್ಲಿ ದಾನಯ್ಯ ಅರ್ಧ ಆಯುಷ್ಯ ಕಳೆದಿದ್ದರು. ಕಲಬುರ್ಗಿ ಕಡೆಯವರು ರೈಲಿಳಿದು ಬಂದು ಮೊದಲು ಕೇಳುತ್ತಿದ್ದುದು ಅವರನ್ನೇ. ಈಗ ಅವರು ದಾಸೋಹದ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದರು. ಅಲ್ಲಿಗೆ ಕಳಿಸಿದವಳು ವಚನಾ.

ವಚನಾ ಇದೇ ಗಲ್ಲಿಯ ಕನ್ನಡದ ಮನೆಯೊಂದರಲ್ಲಿ ಹುಟ್ಟಿ ಬಿ.ಎಸ್ಸಿ. ಓದಿದವಳು. ಕೋಣೆ ಕಾಯ್ದಿರಿಸುವ ವೆಬ್ ಪುಟವನ್ನು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದವಳು ಅವಳೇ. ಸಿಬ್ಬಂದಿಯ ಹೆಸರು, ಪಾಸ್‌ವರ್ಡ್‌ಗಳೆಲ್ಲ ಡೈರೆಕ್ಟರಿ ಸರ್ವರ್ ಎಂಬ ಬೇರೊಂದು ಯಂತ್ರದಲ್ಲಿದ್ದವು. ಯಾರಾದರೂ ಲಾಗಿನ್ ಆಗಲು ಬಂದರೆ ಪುಟ ಆ ಸರ್ವರನ್ನು ಕೇಳುತ್ತಿತ್ತು. ಅದು ಹೂಂ ಎಂದರೆ ಒಳಗೆ ಬಿಡುತ್ತಿತ್ತು.

ಹಿಂದಿನ ತಿಂಗಳು ಬೀದರಿನ ತಂಡವೊಂದರ ಕೋಣೆಗಳೆಲ್ಲ ರದ್ದಾಗಿದ್ದವು. ಮುದುಕಿಯರು ಅಂಗಳದಲ್ಲಿ ಗಂಟುಮೂಟೆಗಳ ಮೇಲೆ ಕೂತಿದ್ದರು. ರದ್ದು ಮಾಡಿದವರು ದಾನಯ್ಯ ಎಂದು ಪುಟ ತೋರಿಸುತ್ತಿತ್ತು.

“ಲಿಂಗ ಮುಟ್ಟಿ ಹೇಳ್ತೀನವ್ವಾ, ನಾ ಮಾಡಿಲ್ಲ,” ಎಂದು ದಾನಯ್ಯ ಎದೆಯ ಮೇಲಿನ ಕರಡಿಗೆ ಹಿಡಿದರು.

ವಚನಾ ಕನ್ನಡ ಬಿಟ್ಟು ಹಿಂದಿಯಲ್ಲಿ ಮಾತಾಡತೊಡಗಿದಳು. ಕಾವಲಿನವನು, ಅಡುಗೆಯವರು, ಎಲ್ಲರೂ ಕೇಳುವಂತೆ ಹೇಳಿದಳು: ಪಾಸ್‌ವರ್ಡ್ ಯಾರಿಗೋ ಕೊಟ್ಟಿದ್ದೀರಿ, ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ, ಆಣೆ ಗೀಣೆ ಬೇಡ.

ಈಗ ಒಂದು ಬೆಳಿಗ್ಗೆ ಪುಟವನ್ನು ಪರೀಕ್ಷಿಸುವಾಗ ಅವಳು ಗಡಿಬಿಡಿಯಲ್ಲಿ ಪಾಸ್‌ವರ್ಡ್ ತುಂಬದೆಯೇ ಎಂಟರ್ ಒತ್ತಿದಳು. ಪುಟ ತೆರೆಯಿತು. ದಾನಯ್ಯನವರ ಹೆಸರು ಹಾಕಿ, ಪಾಸ್‌ವರ್ಡ್ ಖಾಲಿ ಬಿಟ್ಟು ನೋಡಿದಳು. ಆಗಲೂ ತೆರೆಯಿತು.

ಪಾಸ್‌ವರ್ಡ್ ಖಾಲಿ ಬಂದರೆ ಆ ಡೈರೆಕ್ಟರಿ ಸರ್ವರ್ ಏನನ್ನೂ ಪರೀಕ್ಷಿಸುತ್ತಿರಲಿಲ್ಲ. ಬಂದವನನ್ನು ಅನಾಮಿಕನೆಂದು ಎಣಿಸಿ ಹೂಂ ಎನ್ನುತ್ತಿತ್ತು. ಅವಳ ಪುಟ ಅದನ್ನು ‘ಇವರೇ ದಾನಯ್ಯ’ ಎಂದು ಓದಿಕೊಳ್ಳುತ್ತಿತ್ತು. ಖಾಲಿ ಇದ್ದರೆ ತಿರುಗಿ ಕಳಿಸು ಎಂಬ ಸಾಲನ್ನು ಅವಳು ಬರೆದೇ ಇರಲಿಲ್ಲ. ಕೌಂಟರಿಗೆ ಬಂದ ಯಾರು ಬೇಕಾದರೂ ದಾನಯ್ಯ ಆಗಬಹುದಿತ್ತು.

ಆ ಸಾಲು ಸೇರಿಸಿದಳು. ಅಷ್ಟಕ್ಕೇ ಸುಮ್ಮನಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕುರ್ಚಿಯಿಂದ ಏಳಲು ಬಹಳ ಹೊತ್ತು ಹಿಡಿಯಿತು.

ಅಡುಗೆಮನೆ ತುಂಬ ಜನ. ಕನ್ನಡ ಬಲ್ಲವರು ದಾನಯ್ಯ ಒಬ್ಬರೇ. ವಚನಾ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ದನಿ ತಗ್ಗಿಸಿ, “ಕಾಕಾ, ತಪ್ಪು ನಂದ ಐತ್ರಿ,” ಎಂದು ಎಲ್ಲವನ್ನೂ ಹೇಳಿದಳು. “ನಾಳೆಯಿಂದ ಕೌಂಟರಿಗೆ ಬರ್ರಿ. ಮ್ಯಾನೇಜರಿಗೂ ನಾನ ಹೇಳ್ತೀನಿ.”

ದಾನಯ್ಯ ಸುಲಿಯುವುದನ್ನು ನಿಲ್ಲಿಸಲಿಲ್ಲ. ಒಲೆಯ ಬಳಿಯಿದ್ದ ಅಡುಗೆಯ ಕಾಶೀನಾಥ, ಏನು ಗುಟ್ಟಿನ ಮಾತು ಎಂದು ಹಿಂದಿಯಲ್ಲಿ ಕೇಳುತ್ತ ಹಲ್ಲು ಕಿರಿದ: “ಅರೇ ಬಿಟಿಯಾ, ಪಾಸ್‌ವರ್ಡ್ ಬಾಬಾ ಸೇ ಕ್ಯಾ ಗುಪಚುಪ್?”

“ಕೇಳಿದೇನವ್ವಾ? ಅವತ್ತಿನಿಂದ ಪಾಸ್‌ವರ್ಡ್ ಬಾಬಾ ಅನ್ನೂದ ನನ್ನ ಹೆಸರು,” ಎಂದರು ದಾನಯ್ಯ. “ಬೈಯೂವಾಗ ಹಿಂದಿ. ತಪ್ಪಾತು ಅನ್ನೂವಾಗ ಕನ್ನಡ. ಹೌದಲ್ಲ?”

ವಚನಾಳ ಕಿವಿ ಬಿಸಿಯಾದವು. ಬೇಕೆಂದು ಮಾಡಿದ್ದಲ್ಲ ಎನ್ನಲು ಬಾಯಿ ತೆರೆದಳು. ಆದರೆ ಬಾಗಿಲಲ್ಲಿ ನಿಂತಾಗಲೇ, ಒಳಗೆ ಯಾರಿಗೆ ಏನು ಅರ್ಥವಾದೀತು ಎಂದು ಲೆಕ್ಕ ಹಾಕಿದ್ದು ಅವಳಿಗೆ ಗೊತ್ತಿತ್ತು.

ಎದ್ದು ನಿಂತಳು. ಒಲೆಯ ಸದ್ದಿಗಿಂತ ಜೋರಾಗಿ, ಹಿಂದಿಯಲ್ಲಿ, ಮೊದಲಿನಿಂದ ಹೇಳತೊಡಗಿದಳು. ಕಾಶೀನಾಥನ ನಗು ನಿಂತಿತು. ತಡೆದು ತಡೆದು ಮುಗಿಸಿದಳು.

“ಬಾಗಲಾ ಕಾಯೋ ಅರ್ಜುನನೂ ಇದ್ದ ಅವತ್ತು,” ಎಂದರು ದಾನಯ್ಯ, ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಳ್ಳುತ್ತ.

ವಚನಾ ಅವನನ್ನು ಕರೆಯಲು ಹೋದಳು.