ಕಂದಕದ ಕಡೆಯ ಬೌಂಡರಿ

ಹೋದ ಭಾನುವಾರ ಸಂಜೆ ಮಗಳು ಆಟ ಮುಗಿಸಿ ಬಂದಳು. ಹೈಸ್ಕೂಲಿನ ಹುಡುಗಿಯರೆಲ್ಲ ಸೇರಿ ಈಗೊಂದು ಟೀಮು ಕಟ್ಟಿದ್ದಾರೆ, ಇವಳು ಅದರಲ್ಲಿ ಬೌಲರು. ನೀರು ಕುಡಿಯೋಕೆ ಅಂತ ನನ್ನ ಪಕ್ಕದಲ್ಲೇ ಹಾದುಹೋದಳು. ಅಂಗಿಯಿಂದ ಲಂಟಾನದ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಎಲೆ ಉಜ್ಜಿಕೊಂಡರೆ ಬರುವ ಆ ಘಾಟು, ಸೋಪು ಹಾಕಿ ಒಗೆದರೂ ಬೇಗ ಬಿಡುವಂಥದ್ದಲ್ಲ. ನಮ್ಮೂರಿನ ಆಟದ ಬಯಲಲ್ಲಿ ಲಂಟಾನದ ಪೊದೆ ಇಲ್ಲ. ಅದು ಇರುವುದು ಊರಿಗೆ ಆನೆ ನುಗ್ಗದ ಹಾಗೆ ತೋಡಿದ ಕಂದಕದ ಆಚೆ, ಕಾಡಿನೊಳಗೆ.

"ಎಲ್ಲಿಗೋಗಿದ್ದೆ?" ಅಂದೆ.

"ಬಾಲ್ ತರಕ್ಕೆ ಅಪ್ಪ. ಸಿಕ್ಸ್ ಹೊಡುದ್ಬುಟ್ಲು."

ಬೈಯಬೇಕು ಅಂದುಕೊಂಡವನು ಎದ್ದು ಬಂದು ಜಗಲಿ ಮೇಲೆ ಕೂತೆ. ಬೋಂಡದತ್ತೆ ನೆನಪಾದಳು... ನೆನಪಾದಳು ಅಂತ ಹೇಳುವುದೇ ತಪ್ಪೇನೋ, ಮರೆತಿದ್ದರೆ ತಾನೆ.

ಅವಳು ನನಗೆ ಸಂಬಂಧದಲ್ಲಿ ಅತ್ತೆ ಏನಲ್ಲ. ಊರಿನ ಹುಡುಗರಿಗೆಲ್ಲ ಅತ್ತೆ. ಅಂತರಸಂತೆ ರಸ್ತೆಯಿಂದ ಒಳಗೆ ಇರುವ ನಮ್ಮೂರಿನ ಬಯಲ ಅಂಚಿಗೆ ಒಂದು ಹೊಂಗೆ ಮರ. ಅದರ ಕೆಳಗೆ ಸೀಮೆಎಣ್ಣೆ ಸ್ಟೌವು, ಬಾಣಲೆ, ಒಂದು ಬೆಂಚು. ಅದೇ ಅವಳ ಅಂಗಡಿ. ಮ್ಯಾಚ್ ಇದ್ದ ದಿನ ಬೋಂಡ ಸೀದುಹೋಗುತ್ತಿದ್ದವು. ಯಾಕೆಂದರೆ ಅವಳ ಕಣ್ಣು ಬಾಣಲೆ ಮೇಲೆ ಇರುತ್ತಲೇ ಇರಲಿಲ್ಲ, ನಮ್ಮ ಬೌಲರ್‌ಗಳ ಮೇಲಿರುತ್ತಿತ್ತು.

ನಮ್ಮ ಬೌಲಿಂಗಿನ ಬಗ್ಗೆ ಏನು ಹೇಳಲಿ! ಅದು ಬೌಲಿಂಗಲ್ಲ, ಧರ್ಮಛತ್ರ. ಬಂದವರಿಗೆಲ್ಲ ಹೊಟ್ಟೆ ತುಂಬ ಬಡಿಸಿ ಕಳಿಸುವುದು. ಹುಣಸೂರಿನವರು ಬಂದರೂ ಅಷ್ಟೆ, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸೀಮೆಯವರು ಬಂದರೂ ಅಷ್ಟೆ. ಬ್ಯಾಟಿಂಗಿನಲ್ಲಿ ಪ್ರಾಣ ತೇಯ್ದು ಮಾಡಿದ ರನ್ನನ್ನು ನಮ್ಮ ಮಹಾನುಭಾವರು ನಾಲ್ಕೇ ಓವರಿನಲ್ಲಿ ದಾನ ಮಾಡಿ, ಸೊಂಟ ಹಿಡಿದುಕೊಂಡು, "ಪಿಚ್ಚೇ ಸರಿಯಿಲ್ಲ ಕಣ್ಲಾ" ಅನ್ನುತ್ತಿದ್ದರು. ಹೊಂಗೆ ಮರದ ಕಡೆಯಿಂದ ತಕ್ಷಣ ಉತ್ತರ ಬರುತ್ತಿತ್ತು. "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ! ಎಸಿಯೋ ನೆಟ್ಟಗೆ!"

ಎಲ್ಲರಿಗಿಂತ ಜಾಸ್ತಿ ಬೈಗುಳ ತಿನ್ನುತ್ತಿದ್ದವನು ಅವಳ ಮಗನೇ. ಶುಂಠಿ ಮೂಟೆ ಹೊತ್ತು ಹೊತ್ತು ಗಟ್ಟಿಯಾದ ಭುಜ ಅವನದು. ಓಡಿ ಬಂದು ಹಾಕಿದನೆಂದರೆ ಬಾಲ್ ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೆ ಎಲ್ಲಿ ಬೀಳುತ್ತದೆ ಅಂತ ಅವನಿಗೂ ಗೊತ್ತಿಲ್ಲ, ಮೇಲಿರುವ ದೇವರಿಗೂ ಗೊತ್ತಿಲ್ಲ. ಹೆಚ್ಚಾಗಿ ಪಿಚ್ಚಿನ ಅರ್ಧಕ್ಕೇ ಬಿದ್ದು, ಬ್ಯಾಟ್ಸ್‌ಮನ್ನಿನ ಎದೆಮಟ್ಟಕ್ಕೆ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಎದ್ದು ನಿಲ್ಲುತ್ತಿತ್ತು. ಅತ್ತೆ ಅದಕ್ಕೆ ಗಿಡ್ಡ ಬಾಲು ಅನ್ನುತ್ತಿದ್ದಳು. ಬ್ಯಾಟ್ಸ್‌ಮನ್ನಿನ ಕಾಲಬುಡಕ್ಕೆ ಬೀಳುವುದು ಬುಡದ ಬಾಲು. ಅವಳ ಕ್ರಿಕೆಟ್ ಶಾಸ್ತ್ರವೆಲ್ಲ ಈ ಎರಡೇ ಮಾತು. ಸ್ಪಿನ್ ಹಾಕುವವರನ್ನು ಕಂಡರೆ ಅವಳಿಗೆ ಆಗುತ್ತಲೇ ಇರಲಿಲ್ಲ. "ಜೋರಾಗಿ ಎಸಿಯಾಕೆ ಮೀಟ್ರಿಲ್ದೆ ಬೆಳ್ಳು ತಿರುಗುಸ್ತಾನೆ" ಅಂತ ಮೂಗು ಮುರಿಯುತ್ತಿದ್ದಳು. ನಮಗೆ ಅಪರೂಪಕ್ಕೆ ವಿಕೆಟ್ ಸಿಗುತ್ತಿದ್ದುದೇ ಸ್ಪಿನ್ನಿನಿಂದ, ಹೇಳಿದರೆ ಕೇಳುವವರು ಯಾರು?

ಈ ಗಿಡ್ಡ ಬಾಲು ಬಯಲಿನ ಕಂದಕದ ಕಡೆಗೇ ಹೋಗುತ್ತಿತ್ತು, ಅದು ತೊಂದರೆ. ಟೂರ್ನಮೆಂಟಿನಲ್ಲಿ ಬೌಲಿಂಗು ಒಂದೇ ಕಡೆಯಿಂದ, ಶಾಲೆಯ ಕಡೆಯಿಂದ. ಗಿಡ್ಡ ಬಾಲನ್ನು ಎತ್ತಿ ಹೊಡೆದರೆ ನೇರ ಬ್ಯಾಟ್ಸ್‌ಮನ್ನಿನ ಎಡಕ್ಕೆ, ಕಂದಕ ದಾಟಿ ಕಾಡಿಗೆ. ಬಾಲ್ ತರಬೇಕಾದವರು ಫೀಲ್ಡಿಂಗ್ ಮಾಡುವವರು. ತರದಿದ್ದರೆ ಮ್ಯಾಚೇ ಸೋತ ಹಾಗೆ, ಬೇರೆ ಬಾಲ್ ಕೊಡುವಂತಿಲ್ಲ. ಯಾಕಪ್ಪಾ ಇಂಥ ರೂಲು ಅಂದರೆ, ಹಿಂದೆ ಸೋಲುವ ಟೀಮಿನವರು ಲಂಟಾನದೊಳಗೆ ಹೋಗಿ, ಸಿಕ್ಕಿದ ಬಾಲನ್ನು ಮಣ್ಣಲ್ಲಿ ಹುಗಿದು, "ಸಿಗ್ನಿಲ್ಲ, ಮ್ಯಾಚ್ ಡ್ರಾ" ಅಂತ ಕೈ ಆಡಿಸಿಕೊಂಡು ಬರುತ್ತಿದ್ದರಂತೆ. ಆ ಮೋಸ ತಪ್ಪಿಸೋಕೆ ಊರೂರಿನ ಹುಡುಗರು ಕೂತು ಮಾಡಿದ ರೂಲು ಇದು.

ಕಂದಕದ ಪಕ್ಕದ ಬೌಂಡರಿಯಲ್ಲಿ ನಿಲ್ಲುತ್ತಿದ್ದವನು ನಾನು. ಜೋರಾಗಿ ಓಡುತ್ತೇನೆ ಅಂತ ಕ್ಯಾಪ್ಟನ್ ಅಲ್ಲಿ ನಿಲ್ಲಿಸಿದ್ದ. ಆಟದ ಉದ್ದಕ್ಕೂ ನನ್ನ ಬೆನ್ನಿಗೆ ಕಾಡು. ಎದುರಿಗೆ ಬೌಲರ್ ಓಡಿ ಬರುವಾಗ ನಾನು ವಿಕೆಟ್ ಬೀಳಲಿ ಅಂತ ಬೇಡಿಕೊಂಡವನೇ ಅಲ್ಲ. ಬುಡಕ್ಕೆ ಬೀಳಲಪ್ಪಾ, ಬುಡಕ್ಕೆ ಬೀಳಲಿ ಅಂತ ಊರ ಮಾರಮ್ಮನಿಗೆ ಹರಕೆ ಹೊರುತ್ತಿದ್ದೆ. ಬಾಲ್ ತಲೆ ಮೇಲಿಂದ ಹಾರಿದರೆ ಕಂದಕದ ದಡ ಕುಸಿದ ಕಡೆ ಇಳಿದು, ಹತ್ತಿ, ಲಂಟಾನದೊಳಗೆ ಬಗ್ಗಿಕೊಂಡು ಹುಡುಕಬೇಕು. ಒಳಗೆ ಹೋದರೆ ಹಗಲಿನಲ್ಲೂ ಮಬ್ಬು. ನಮ್ಮ ಉಸಿರೇ ನಮಗೆ ಇನ್ನೊಬ್ಬರ ಉಸಿರಿನ ಹಾಗೆ ಕೇಳುತ್ತದೆ.

ಅತ್ತೆಯ ಗಂಡ ಸತ್ತದ್ದು ಅಲ್ಲೇ. ಕಂದಕ ದಾಟಿ ಹೋದ ಹೋರಿಗರುವನ್ನು ಹೊಡೆದುಕೊಂಡು ಬರುತ್ತೇನೆ ಅಂತ ಹೋದವನು. ಕರು ತಾನಾಗಿ ಮನೆಗೆ ಬಂತು, ಅವನನ್ನು ಆನೆ ತುಳಿದಿತ್ತು. ಒಂದು ಸಲ ಬೋಂಡ ತಿನ್ನುತ್ತಾ ನಾನೇ ಕೇಳಿದೆ, "ಸೋತ್ರೆ ಸೋತೋ ಬುಡತ್ತೆ, ಯಾಕಂಗೆ ಬಾಯ್ ಬಡ್ಕೋತೀಯ?"

ಜಾಲರಿ ಸೌಟನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು. "ಸೋಲೋದ್ಕಲ್ಲ ಕಣಪ್ಪ. ನನ್ ಮಗ ಕೆಟ್ದಾಗಿ ಎಸೀತಾನೆ, ಇನ್ನೊಬ್ಳು ಎತ್ತ ಮಗ ಕಾಡೊಳಕ್ಕೆ ಓಯ್ತಾನೆ. ನಾಳೆ ನಿಮ್ಮವ್ವುಂಗೆ ನಾನೇನ್ ಯೋಳ್ಲಿ?" ಅಂದಳು. ಆಮೇಲೆ ನಾನು ಅವಳನ್ನು ಚುಡಾಯಿಸಲಿಲ್ಲ. ಅವಳ ಭಯ ನನಗೂ ಅಂಟಿಕೊಂಡಿತು.

ಆ ದಿನ ಫೈನಲ್. ಎದುರಿಗೆ ಕೃಷ್ಣರಾಜನಗರದ ಕಡೆಯ ಟೀಮು, ಗೆದ್ದವರಿಗೆ ಟಗರು. ಕಬ್ಬು ತಿಂದು ಬೆಳೆದ ಹುಡುಗರು, ಒಬ್ಬೊಬ್ಬನ ತೋಳೂ ಒನಕೆ ಥರ. ಬೆಳಿಗ್ಗೆ ಅರಣ್ಯ ಇಲಾಖೆಯ ವಾಚರ್ ಬಂದು, ಊರಿನ ಬಾಳೆ ತೋಟಕ್ಕೆ ನುಗ್ಗಿದ್ದ ಒಂಟಿ ಸಲಗ ಇನ್ನೂ ಕಂದಕದ ಆಚೆ ಲಂಟಾನದಲ್ಲೇ ಐತೆ, ಆಟ ಬೇಡ ಅಂದ. ಕ್ಯಾಪ್ಟನ್ ಕೇಳಲಿಲ್ಲ. ಅವರು ಟೆಂಪೊ ಮಾಡಿಕೊಂಡು ಅಷ್ಟು ದೂರದಿಂದ ಬಂದಿದ್ದಾರೆ, ಹೆಂಗೆ ವಾಪಸ್ ಕಳಿಸೋದು ಅಂದ. ಅತ್ತೆ ಅವತ್ತು ಸ್ಟೌವನ್ನೇ ಹಚ್ಚಲಿಲ್ಲ. ಬರಿಗೈಯಲ್ಲಿ ಬಂದು ನನ್ನ ಹಿಂದೆ, ಕಂದಕಕ್ಕೂ ನನಗೂ ನಡುವೆ ಕೂತುಕೊಂಡಳು.

ಕೊನೆಯ ಓವರು ಅವಳ ಮಗನದು. ಏನಾಯಿತೋ ಕಾಣೆ, ಅವನು ಬುಡಕ್ಕೆ ಹಾಕತೊಡಗಿದ. ಒಂದಾದ ಮೇಲೊಂದು ಬುಡಕ್ಕೇ! ಅವರು ಬ್ಯಾಟ್ ಎತ್ತುವಷ್ಟರಲ್ಲಿ ಬಾಲ್ ಕಾಲ ಕೆಳಗೆ ತೂರಿಹೋಗುತ್ತಿತ್ತು. "ಅಂಗೇ! ಅಂಗೇ ಕಣ್ ನನ್ ಕಂದಾ!" ಅಂತ ಅತ್ತೆ ಕೂಗಿದಳು. ಮಗನನ್ನು ಅವಳು ಹೊಗಳಿದ್ದು ನಾನು ಕೇಳಿದ್ದು ಅದೇ ಮೊದಲು. ಅವನು ತಿರುಗಿ ನೋಡಿ ನಕ್ಕ. ಹುರುಪಿಗೆ ಬಿದ್ದವನು ಮುಂದಿನದನ್ನು ಇನ್ನೂ ಜೋರಾಗಿ ಹಾಕೋಕೆ ಹೋಗಿ ಅರ್ಧಕ್ಕೇ ಕುಕ್ಕಿದ. ಬಾಲ್ ನನ್ನ ತಲೆ ಮೇಲೆ, ಅತ್ತೆಯ ತಲೆ ಮೇಲೆ, ಕಂದಕದ ಮೇಲೆ ಹೋಗಿ ಹಸಿರಿನೊಳಗೆ ಇಳಿಯಿತು.

ಇನ್ನು ಒಂದು ಬಾಲ್ ಉಳಿದಿತ್ತು. ಅವರಿಗೆ ಎರಡು ರನ್ ಬೇಕಿತ್ತು. ಬಾಲ್ ಸಿಕ್ಕಿದರೆ ನಾವು ಗೆಲ್ಲಲೂಬಹುದು, ಸಿಗದಿದ್ದರೆ ಅಲ್ಲಿಗೆ ಮುಗಿಯಿತು. "ಓಡ್ಲಾ!" ಅಂದ ಕ್ಯಾಪ್ಟನ್. ನಾನು ಹೊರಟೆ. ಅತ್ತೆ ನನ್ನ ಅಂಗಿ ಹಿಡಿದುಕೊಂಡಳು. "ನೀ ಓಗ್ಬ್ಯಾಡ. ಸೋತೋ ಅಂತ ಯೋಳ್ರಲಾ, ಟಗರು ಹಾಳಾಗೋಗ್ಲಿ!"

ಎರಡೂ ಊರಿನ ಜನ ಗೊಳ್ಳೆಂದು ನಕ್ಕರು. ಮಗನಿಗೆ ಆ ನಗು ತಡೆಯಲಾಗಲಿಲ್ಲ. ಮುಖ ಕೆಂಪಾಗಿಸಿಕೊಂಡು ಓಡಿ ಬಂದವನೇ, "ನಾನ್ ಹಾಕಿದ್ ಬಾಲು, ನಾನೇ ತತ್ತೀನಿ ಬುಡವ್ವ" ಅಂತ ಕಂದಕ ಇಳಿದು, ಹತ್ತಿ, ಒಳಗೆ ನುಗ್ಗಿಬಿಟ್ಟ. ಅತ್ತೆಯ ಕೈಯಲ್ಲಿ ನನ್ನ ಅಂಗಿ ಇತ್ತು. ಹಿಡಿಯಬೇಕಾದವನು ಜಾರಿಹೋಗಿದ್ದ.

ಸ್ವಲ್ಪ ಹೊತ್ತಿಗೆ ಒಳಗೆಲ್ಲೋ ಕೊಂಬೆ ಮುರಿದ ಸದ್ದು. ಮನುಷ್ಯ ಮುರಿಯುವಂಥ ಕೊಂಬೆ ಅಲ್ಲ ಅದು.

ನಮ್ಮ ಕಡೆ ಕಾಡಿಗೆ ಹೋಗುವವರು ಬಾಯಿ ಮಾಡಿಕೊಂಡೇ ಹೋಗುವುದು. ಆನೆಗೆ ನಾವಿರುವುದು ಗೊತ್ತಾದರೆ ಅದು ದಾರಿ ಬಿಡುತ್ತದೆ, ಗೊತ್ತಿಲ್ಲದೆ ಎದುರಾದರೆ ಕೆಟ್ಟೆವು. ಅತ್ತೆ ಕಂದಕದ ದಡದಲ್ಲಿ ನಿಂತು ಶುರುಮಾಡಿದಳು. "ಗಿಡ್ಡ ಹಾಕ್ಬ್ಯಾಡ ಅಂತ ಬಡ್ಕೊಂಡ್ನಲ್ಲೋ! ನಿನ್ ಕೈ ಸೇದೋಗ! ಬುಡುಕ್ಕೆ ಎಸಿಯಕ್ಕೇನ್ ದಾಡಿ ನಿಂಗೆ!" ನಮ್ಮ ಕಡೆ ತಿರುಗಿ, "ಸುಮ್ನೆ ನಿಂತ್ಕೊಂಡ್ರೇನ್ರಲಾ? ಬಯ್ರಲಾ ಅವನ್ನ!" ಅಂದಳು.

ಬೈದೆವು. ತಟ್ಟೆ, ಡಬ್ಬ, ಸ್ಟಂಪು, ಕೈಗೆ ಸಿಕ್ಕಿದ್ದನ್ನು ಬಡಿಯುತ್ತಾ ಬೈದೆವು. ವರ್ಷಗಟ್ಟಲೆ ಒಳಗಿದ್ದ ಹೊಟ್ಟೆಯುರಿಯೆಲ್ಲ ಆಚೆ ಬಂತು. ಹುಣಸೂರಿನಲ್ಲಿ ಹಾಕಿದ ವೈಡುಗಳು, ಪಿರಿಯಾಪಟ್ಟಣದಲ್ಲಿ ಕೊಟ್ಟ ನೋಬಾಲುಗಳು, ಒಂದನ್ನೂ ಬಿಡಲಿಲ್ಲ. ಎದುರು ಟೀಮಿನವರೂ ಸೇರಿಕೊಂಡು, "ಇನ್ನೊಂದ್ ಅಂಥದ್ದೇ ಹಾಕ್ ಗುರುವೇ!" ಅಂತ ಅರಚಿದರು. ಬೇರೆ ದಿನವಾಗಿದ್ದರೆ ನಕ್ಕು ನಕ್ಕು ಸಾಯುತ್ತಿದ್ದೆವು. ನನಗೆ ಕಣ್ಣೀರು ಸುರಿಯುತ್ತಿತ್ತು. ಅವನು ಬರಲಿಲ್ಲ. ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು, ನಾವು ಹಿಡಿದುಕೊಳ್ಳುವಷ್ಟರಲ್ಲಿ ಇಳಿದೇಬಿಟ್ಟಳು. ಬೈಯುತ್ತಲೇ ಒಳಗೆ ಹೋದಳು.

ಅವಳು ಮರೆಯಾಗಿ ಸ್ವಲ್ಪ ಹೊತ್ತಿಗೆ ಮಗ ದೂರದಲ್ಲಿ, ಶಾಲೆಯ ಹಿಂದೆ, ಕಂದಕ ಹತ್ತಿ ಬಂದ. ಮೈಯೆಲ್ಲ ಮುಳ್ಳು ತರಚಿತ್ತು, ಕೈಯಲ್ಲಿ ಬಾಲ್ ಇತ್ತು. ಜನ ಹೋ ಎಂದು ಕೇಕೆ ಹಾಕಿದರು, ಡಬ್ಬಗಳು ಇನ್ನೂ ಜೋರಾದವು. ಒಳಗಿಂದ ಅತ್ತೆಯ ಬೈಗುಳ ದೂರ ದೂರವಾಗುತ್ತಾ ಹೋಗುತ್ತಿತ್ತು. ಮಗ ಬಂದದ್ದು ಅವಳಿಗೆ ಗೊತ್ತಿಲ್ಲ. ನಾವು ಎಷ್ಟು ಕೂಗಿದರೂ ನಮ್ಮ ಗಲಾಟೆಯಲ್ಲಿ ನಮ್ಮ ಮಾತೇ ಅವಳಿಗೆ ಮುಟ್ಟುತ್ತಿರಲಿಲ್ಲ.

"ಅವ್ವ ಎಲ್ಲಿ?" ಅಂದ ಅವನು.

ಕ್ಯಾಪ್ಟನ್ ಎರಡೂ ಕೈ ಎತ್ತಿ, "ಎಲ್ರೂ ಸುಮ್ನಿರ್ರಲಾ! ಅವ್ನೊಬ್ನೇ ಕೂಗ್ಲಿ!" ಅಂದ. ಸುಮ್ಮನಾದೆವು. ಅಷ್ಟೂ ಜನ, ಒಂದೇ ಸಲ. ಡಬ್ಬ ಹಿಡಿದ ನನ್ನ ಕೈ ಅಲ್ಲೇ ನಿಂತಿತು.

"ಅವ್ವಾ! ಬಂದೀನಿ ಕಣವ್ವಾ! ಬಾ ಈಚೆಗೆ!"

ಒಳಗೆ ಬೈಗುಳವೂ ನಿಂತಿತು. ಕೇಳಿಸಿಕೊಂಡಳು. "ಬಂದ್ಯಾ ಮಗಾ..." ಅಂದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದು ನಾನು ಯಾವತ್ತೂ ಕೇಳಿರಲಿಲ್ಲ. ಆಮೇಲೆ ಆ ಸದ್ದು... ಅದನ್ನು ಬರೆಯೋಕೆ ನನ್ನಿಂದ ಆಗುವುದಿಲ್ಲ. ಘೀಳು ಅಂತ ಬರೆದರೆ ಅದಲ್ಲ.

ವಾಚರ್‌ಗಳು ಪಟಾಕಿ ಹೊಡೆದು ಸಲಗವನ್ನು ಓಡಿಸಿ, ಹೊತ್ತು ಮುಳುಗುವ ಮೊದಲು ಅವಳ ಹೆಣ ತಂದರು. ಆನೆ ಪಕ್ಕದಲ್ಲೇ ಇತ್ತು, ನೀವು ಕೂಗಿದ್ದರೂ ಅಷ್ಟೆ, ಸುಮ್ಮನಿದ್ದರೂ ಅಷ್ಟೆ ಅಂತ ಸಮಾಧಾನ ಹೇಳಿದರು. ಊರಿನವರು ನಾವೂ ಅದನ್ನೇ ಹೇಳಿಕೊಂಡು ಬದುಕಿದ್ದೇವೆ. ಮಗ ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಹೋದವನು ಅಲ್ಲೇ ನಿಂತ. ಊರಿಗೆ ಬಂದರೂ ಬಯಲಿನ ಕಡೆ ಮುಖ ಹಾಕುವುದಿಲ್ಲ. ಎಷ್ಟೋ ವರ್ಷ ಅಲ್ಲಿ ಯಾರೂ ಆಡಲಿಲ್ಲ. ಆಮೇಲೆ ಹೊಸ ಮಕ್ಕಳು ಬಂದವು. ಅವಕ್ಕೇನು ಗೊತ್ತು, ಹೇಳಬೇಕಾದ ನಾವೇ ಬಾಯಿ ಮುಚ್ಚಿಕೊಂಡು ಕೂತಿದ್ದಾಗ.

ಈ ಭಾನುವಾರ ನಾನೂ ಬಯಲಿಗೆ ಹೋದೆ. ಬಾಲ್ ಕಂದಕ ದಾಟಿದರೆ ಔಟು, ಯಾರೂ ತರೋಕೆ ಹೋಗಬಾರದು ಅಂತ ಎಲ್ಲರ ಮುಂದೆ ಹೇಳಿದೆ. ಹೂಂ ಅಂಕಲ್ ಅಂದರು. ಅತ್ತೆಯ ಕಥೆ ಹೇಳೋಕೆ ಮಾತ್ರ ಅವತ್ತೂ ಆಗಲಿಲ್ಲ. ಮಗಳು ಓಡಿ ಬಂದು ಹಾಕಿದಳು. ಗಿಡ್ಡ. ಬಾಲ್ ಕಂದಕ ದಾಟಿತು. ಆಟದ ಜೋರಿನಲ್ಲಿ ನನ್ನ ಮಾತು ಯಾರಿಗೆ ನೆನಪಿರುತ್ತದೆ, ಮಗಳೇ ಮೊದಲು ಆ ಕಡೆ ಓಡಿದಳು.

ನಾನು ಕೂಗಿದೆ. ಹೆಸರು ಹಿಡಿದು ಕೂಗಿದೆ, ಬೈದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಕಂದಕದ ದಡದಲ್ಲೇ ನಿಂತು, ತಿರುಗಿ, ಓಡಿ ಬಂದಳು. ಬಂದು ನನ್ನೆದುರು ನಿಂತಳು. ನಾನು ಅವಳ ತೋಳು ಹಿಡಿದುಕೊಂಡೆ. ಆದರೂ ಕೂಗುತ್ತಲೇ ಇದ್ದೆ. ಹುಡುಗಿಯರು ಗಾಬರಿಯಾಗಿ ಸುತ್ತ ನಿಂತರು. "ಸಾಕು ಬುಡಪ್ಪ, ಬಂದ್ನಲ್ಲ, ಇಲ್ಲೇ ಇದ್ದೀನಲ್ಲ" ಅಂತ ಮಗಳು ಅಳುತ್ತಾ ನನ್ನ ಬಾಯಿ ಮುಚ್ಚೋಕೆ ಬಂದಳು. ನಾನು ಅವಳ ಕೈಯನ್ನು ತಳ್ಳಿ ತಳ್ಳಿ ಕೂಗಿದೆ. ನಿಲ್ಲಿಸೋಕೆ ನನಗೆ ಭಯವಾಗುತ್ತಿತ್ತು.