ಕಂಚಿನಕ್ಕನ ಅರ್ಧ ಮಾತು

ತಾರಾಲಯದ ಗುಮ್ಮಟದ ಕೆಳಗೆ ದೀಪ ಆರಿದೊಡನೆ ಮೊದಲು ಕೇಳುತ್ತಿದ್ದುದು ಅವಳ ದನಿ. ಕಂಚಿನ ಕಂಠ; ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಕಂಚಿನಕ್ಕ. ಚುಕ್ಕಿ ತೋರಿಸುವ ಯಂತ್ರ ನಡೆಸುತ್ತಿದ್ದವನು ಅವಳ ಗಂಡ. ತೋರಿಸುವುದು ಅವನ ಕೆಲಸ, ಮಾತು ಅವಳದು. ಮನೆಯಲ್ಲೂ ಅಷ್ಟೇ ಎಂದು ಜೊತೆಯವರು ನಗುತ್ತಿದ್ದರು.

ಮಸೂರ ಗೆಲಕ್ಸಿಗಳೆಂದರೆ ಅವಳಿಗೆ ಪ್ರಾಣ. ನಡುವೆ ಉಬ್ಬಿ ಅಂಚಿಗೆ ತೆಳುವಾದ, ಸುರುಳಿ ತೋಳುಗಳಿಲ್ಲದ, ಹೊಸ ನಕ್ಷತ್ರ ಹುಟ್ಟುವುದು ಹೆಚ್ಚುಕಡಿಮೆ ನಿಂತೇಹೋದ ಗೆಲಕ್ಸಿಗಳು ಅವು. ಸುರುಳಿ ಗೆಲಕ್ಸಿಯ ಅನಿಲ ಬರಿದಾದರೆ ಹೀಗಾಗುತ್ತದೆ ಎಂದಷ್ಟೇ ಬರೆದುಕೊಟ್ಟ ಪಾಠದಲ್ಲಿತ್ತು. ಅವಳು ಅಷ್ಟಕ್ಕೇ ಬಿಡುವವಳಲ್ಲ.

"ಎರಡು ಗೆಲಕ್ಸಿ ಒಂದಾದ್ರೂ ಹೀಗಾಗ್ಬಹುದು," ಎನ್ನುತ್ತಿದ್ದಳು. "ನಕ್ಷತ್ರಕ್ಕೆ ನಕ್ಷತ್ರ ಡಿಕ್ಕಿ ಹೊಡೆಯಲ್ಲ, ಮಧ್ಯೆ ಅಷ್ಟು ಜಾಗ ಇರುತ್ತೆ. ಅನಿಲ ಮಾತ್ರ ಅಪ್ಪಳಿಸಿ ನಡುವಿಗೆ ನುಗ್ಗುತ್ತೆ. ರಾಶಿ ರಾಶಿ ನಕ್ಷತ್ರ ಹುಟ್ಟಿ ಅನಿಲ ಖಾಲಿ. ತೋಳು ಅಳಿಸಿಹೋಗುತ್ತೆ. ಆದ್ರೂ ಕೆಲವು ಸಲ ಗೆಲಕ್ಸಿಯ ಚಪ್ಪಟೆ ತಟ್ಟೆ ಉಳ್ಕೊಳ್ಳುತ್ತೆ, ಇಲ್ಲಾ ಮತ್ತೆ ಕೂಡ್ಕೊಳ್ಳುತ್ತೆ."

ಒಂದು ಚಳಿಗಾಲ ಆ ದನಿ ಒಡೆಯಿತು. ನೆಗಡಿ ಎಂದುಕೊಂಡರೆ, ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಅಷ್ಟರೊಳಗೆ ಪ್ರದರ್ಶನವನ್ನು ಅವಳ ದನಿಯಲ್ಲೇ ಹಿಡಿದಿಡೋಣವೆಂದು ತಾರಾಲಯದ ನಿರ್ದೇಶಕರು ರೆಕಾರ್ಡಿಂಗಿಗೆ ಕೂರಿಸಿದರು. ಬಿಸಿನೀರು ಗುಟುಕರಿಸುತ್ತ ಪಾಠವನ್ನು ಹೇಗೋ ಮುಗಿಸಿದಳು. ತನ್ನ ಮಾತು ಸೇರಿಸಹೊರಟು "ಎರಡು ಗೆಲಕ್ಸಿ" ಎನ್ನುವಷ್ಟರಲ್ಲಿ ಗಂಟಲು ಕಟ್ಟಿತು. ಮತ್ತೆ ಮತ್ತೆ ಯತ್ನಿಸಿದಳು. ಬರೀ ಗಾಳಿ.

ಆಸ್ಪತ್ರೆಯಿಂದ ಬಂದಾಗ ಕತ್ತಿನ ಬುಡದಲ್ಲಿ ಉಸಿರಿಗೊಂದು ತೂತು, ಅದರ ಮೇಲೆ ತೆಳು ಬಟ್ಟೆ, ಕೈಚೀಲದಲ್ಲಿ ಸ್ಲೇಟು. ಗುಮ್ಮಟದೊಳಗೆ ಅವಳ ದನಿ ಅವಳಿಲ್ಲದೆಯೇ ಮಾತಾಡುತ್ತಿತ್ತು. 'ಅರ್ಧ ವಿಷಯ ಇಲ್ಲ. ಬೇರೆಯವರಿಂದ ಹೇಳಿಸಿ ಸೇರಿಸಿ' ಎಂದು ಬರೆದು ನಿರ್ದೇಶಕರ ಮುಂದೆ ಹಿಡಿದಳು.

"ಅಕ್ಕಾ, ಜನ ಬರೋದೇ ನಿಮ್ಮ ದನಿಗೆ. ಅದಕ್ಕೆ ತೇಪೆ ಹಾಕೋದಾ? ನೋಡೋಣ ಬಿಡಿ," ಎಂದರು ಅವರು, ಪ್ರೀತಿಯಿಂದಲೇ.

ಆ 'ನೋಡೋಣ' ಅಲ್ಲೇ ಉಳಿಯಿತು.

ಒಂದು ಸಂಜೆ ಕಡೆಯ ಪ್ರದರ್ಶನ ಮುಗಿದ ಮೇಲೆ ಮಕ್ಕಳನ್ನು ಕರೆತಂದಿದ್ದ, ಅವಳ ಮುಖಪರಿಚಯವಿದ್ದ ಶಾಲೆಯ ಟೀಚರೊಬ್ಬರು ಬಾಗಿಲಲ್ಲಿ ಅವಳೆದುರು ನಿಂತರು. "ಮೇಡಂ, ಎರಡು ಗೆಲಕ್ಸಿ ಸೇರಿದ್ರೂ ಮಸೂರ ಗೆಲಕ್ಸಿ ಆಗುತ್ತೆ ಅಂತ ಓದಿದ್ದೆ. ನೀವು ಹೇಳ್ಲೇ ಇಲ್ಲ. ಅದು ಸುಳ್ಳಾ?"

ಅವಳ ಮುಖ ಅರಳಿತು. ಬಾಯಿ ತೆರೆದಳು, ಬಟ್ಟೆಯಡಿ ಗಾಳಿ ಬುಸುಗುಟ್ಟಿತು. ಎರಡೂ ಅಂಗೈಗಳನ್ನು ಸುತ್ತಿಸುತ್ತ ಹತ್ತಿರ ತಂದು ಕೂಡಿಸಿ ತೋರಿಸಿದಳು.

ಪಕ್ಕದಲ್ಲಿದ್ದ ಗಂಡ ನೆರವಿಗೆ ಬಂದ. "ಬಾಗಿಲು ಹಾಕೋ ಹೊತ್ತಾಯ್ತು ಅಂತಿದಾಳೆ."

"ಅಯ್ಯೋ, ಸಾರಿ," ಎಂದು ಟೀಚರು ಮಕ್ಕಳನ್ನು ಕರೆದುಕೊಂಡು ಬಸ್ಸಿನತ್ತ ಧಾವಿಸಿದರು. ಅವಳು ಅವನ ತೋಳು ಹಿಡಿದು ಜಗ್ಗಿದಳು, ಚೀಲ ತಡಕಾಡಿ ಸ್ಲೇಟು ತೆಗೆದು ಎರಡೂ ಬದಿ ತುಂಬುವಂತೆ ಬರೆದಳು. ಅವನು ಕನ್ನಡಕ ಹುಡುಕಿ ನಿಧಾನವಾಗಿ ಓದಿದ. ಅಷ್ಟರಲ್ಲಿ ಗೇಟಿನಾಚೆ ಬಸ್ಸು ತಿರುಗಿತ್ತು.

"ಇಷ್ಟು ವರ್ಷ ನೀನೇ ಮಾತಾಡಿದ್ದು ಕಣೇ, ನಂಗೆಲ್ಲಿ ಬರುತ್ತೆ?" ಅವನು ಸ್ಲೇಟು ಹಿಡಿದು ಗೇಟಿನತ್ತ ನೋಡಿದ. "ಇದನ್ನ ಈಗ ಯಾರಿಗೆ ಹೇಳ್ಲಿ?"